ಹಾಸಿಗೆ ಗೋದಾಮಿನ ಹಾಜರಿ

ಹಾಸಿಗೆ ಮಾರುವವನು ಜನರ ಮುಖ ನೋಡುವುದಿಲ್ಲ, ಬೆನ್ನು ನೋಡುತ್ತಾನೆ. ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ. ಬೆನ್ನಿಗೆ ಆ ಜಾಣತನವಿಲ್ಲ. ಆಕೆ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ನಾನು ಕೂತಲ್ಲಿಂದಲೇ ಅಳೆದದ್ದು ಇಷ್ಟು: ವಯಸ್ಸು ಅರವತ್ತು ದಾಟಿದೆ, ಎತ್ತರ ಕಡಿಮೆ, ಬೆನ್ನು ಮರದ ಸ್ಕೇಲಿನ ಹಾಗೆ ನೆಟ್ಟಗಿದೆ. ಬಲಗೈಯ ಬೆರಳ ತುದಿಗಳು ಸೀಮೆಸುಣ್ಣ ಹಿಡಿದು ಹಿಡಿದು ಒಣಗಿ ಬೆಳ್ಳಗಾಗಿವೆ. ಇಂಥವರಿಗೆ ಗಟ್ಟಿ ಹಾಸಿಗೆಯನ್ನೇ ತೋರಿಸಬೇಕು. ಮೆತ್ತನೆಯದನ್ನು ತೋರಿಸಿದರೆ ಅವಮಾನ ಮಾಡಿದೆವು ಅಂದುಕೊಳ್ಳುತ್ತಾರೆ. ಚೌಕಾಸಿ ಮಾಡುವುದಿಲ್ಲ, ಆದರೆ ಬಿಲ್ಲನ್ನು ನಮ್ಮೆದುರೇ ಮತ್ತೊಮ್ಮೆ ಕೂಡಿಸಿ ನೋಡುತ್ತಾರೆ. ಕೊಂಡದ್ದನ್ನು ಸಾಯುವತನಕ ಬಾಳಿಸುತ್ತಾರೆ, ಆದ್ದರಿಂದ ಎರಡನೆಯ ವ್ಯಾಪಾರದ ಆಸೆ ಬಿಡಬೇಕು. ಒಟ್ಟಿನಲ್ಲಿ ಮರ್ಯಾದೆಗೆ ಒಳ್ಳೆಯ ಗಿರಾಕಿ, ಲಾಭಕ್ಕಲ್ಲ.

ನನ್ನ ಅಂದಾಜು ಒಂದೇ ಒಂದು ಕಡೆ ತಪ್ಪಿತು. ಆಕೆ ಗಿರಾಕಿಯೇ ಆಗಿರಲಿಲ್ಲ.

"ನಿಮ್ಮ ಗೋದಾಮು ನೋಡ್ಬೇಕಿತ್ತು," ಎಂದರು.

ಅಂಗಡಿಯ ಹಿಂದಿನ ಬಾಗಿಲು ತೆರೆದೆ. ಒಳಗೆ ಸೂರಿನವರೆಗೂ ಹಾಸಿಗೆಗಳು, ನಡುವೆ ಒಬ್ಬರು ಓಡಾಡುವಷ್ಟು ಓಣಿ, ಓಣಿಯ ಕೊನೆಯಲ್ಲಿ ಒಂದು ಕಿಟಕಿ. ಆಕೆ ಓಣಿಯ ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿದರು. ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಚೆನ್ನಾಗಿದೆ. ಸದ್ದು ಹುಟ್ಟಿದ ಕಡೆನೇ ಸಾಯತ್ತೆ."

"ಸಾಯಿಸೋದಕ್ಕೆ ಸದ್ದು ಯಾರದು ಮೇಡಂ?"

"ನನ್ನದೇ. ಪಾಠ ಮಾಡೋದಿದೆ."

ಆಗ ಗುರುತು ಸಿಕ್ಕಿತು. ಹಿಂದಿನ ಬೀದಿಯ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಭಿನ್ನರಾಶಿಯ ಕೆಳಗಿನ ಸಂಖ್ಯೆಯನ್ನು ಮರೆತು ಬರೆದ ಮಕ್ಕಳ ಹಿಂದೆ "ಛೇದ ಎಲ್ಲಿ, ಛೇದ ಎಲ್ಲಿ" ಎಂದು ಬೆನ್ನು ಹತ್ತಿ, ಛೇದದ ಮೇಡಂ ಎಂದೇ ಹೆಸರು ಪಡೆದಿದ್ದರು. ಈಗ ಮೊಬೈಲಿನಲ್ಲಿ ಪಾಠದ ಚಾನೆಲ್ ತೆರೆಯಬೇಕೆಂದು ಹೊರಟಿದ್ದಾರೆ. ಆದರೆ ಮನೆಯ ಕೆಳಗೇ ಕಬ್ಬಿಣದ ಗೇಟು ಮಾಡುವವನ ವರ್ಕ್‌ಶಾಪು. ಆಕೆ ಅಂಶ ಎಂದರೆ ಅವನು ಗ್ರೈಂಡರ್ ಹಾಕುತ್ತಾನೆ, ಛೇದ ಎಂದರೆ ಸುತ್ತಿಗೆ ಎತ್ತುತ್ತಾನೆ.

ಗೋದಾಮು ಕೊಡಲು ನಾನು ಒಪ್ಪಿದೆ. ದೊಡ್ಡ ಮನಸ್ಸು ಎಂದೇನೂ ತಿಳಿಯಬೇಡಿ. ಪಾಠ ನೋಡುವವರೆಲ್ಲ ಮೇಡಂ ಜೊತೆ ನನ್ನ ಹಾಸಿಗೆಗಳನ್ನೂ ನೋಡುತ್ತಾರೆ ಎಂಬ ಲೆಕ್ಕ ನನ್ನದು. ಅದಕ್ಕೆಂದೇ ಅಂಗಡಿಯ ಹಳೆಯ ಬೋರ್ಡನ್ನು ತಂದು, ಆಕೆ ನಿಲ್ಲುವ ಜಾಗದ ಹಿಂದೆ ನೇತುಹಾಕಿದೆ. ಮರುದಿನ ಬಂದು ನೋಡಿದರೆ ಬೋರ್ಡು ಗೋಡೆ ಕಡೆ ಮುಖ ಮಾಡಿ ನಿಂತಿತ್ತು. ಹಿಂಭಾಗಕ್ಕೆ ಕಪ್ಪು ಬಣ್ಣ ಬಳಿದಾಗಿತ್ತು.

"ಒಳ್ಳೆ ಹಲಗೆ ಕೊಟ್ರಿ ಸಾವ್ಕಾರ್ರೇ," ಎಂದರು. "ಎದುರುಗಡೆ ಏನೋ ಗೀಚಿತ್ತು, ಹಿಂದೆ ನುಣುಪಾಗಿದೆ."

ನನ್ನ ಹೆಂಡತಿ ಮೂರು ದಿನ ನಕ್ಕಳು.

ಆ ಕಪ್ಪು ಹಲಗೆಯ ಮೇಲೆ ಆಕೆ ಮೊದಲು ಬರೆದದ್ದು ಒಂದೇ ಸಾಲು: ½ ÷ ¼ = ? ಅದರ ಪಕ್ಕದಲ್ಲಿ ದೊಡ್ಡದಾಗಿ, ಏಕೆ?

"ಇದೇನು ಮೇಡಂ, ಇಷ್ಟು ಚಿಕ್ಕ ಲೆಕ್ಕ. ಎರಡನೇದನ್ನ ತಿರುಗಿಸಿ ಗುಣಿಸಿದ್ರೆ ಆಯ್ತು. ನಮಗೂ ಹೇಳ್ಕೊಟ್ಟಿದ್ರು."

"ತಿರುಗಿಸೋದು ಯಾಕೆ?"

ಜೀವನದಲ್ಲಿ ಹಾಸಿಗೆ ತಿರುಗಿಸುವುದೇಕೆಂದು ಗಿರಾಕಿಗಳಿಗೆ ಸಾವಿರ ಸಲ ಹೇಳಿದ್ದೇನೆ. ಭಿನ್ನರಾಶಿ ತಿರುಗಿಸುವುದೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ.

"ಅದೇ ನೋಡಿ," ಎಂದು ಆಕೆ ಒಂದು ಹಾಸಿಗೆಯ ಅಂಚಿಗೆ ಕೂತರು. "ಸರ್ವೀಸ್ ಪೂರ್ತಿ ಮಕ್ಕಳಿಗೆ ತಿರುಗಿಸು, ಗುಣಿಸು ಅಂತಲೇ ಹೇಳಿದೆ. ಪಾಠ ಮುಗಿಸೋ ಅವಸರ. ಒಂದ್ಸಲ ಒಬ್ಬಳು ಹುಡುಗಿ ಎದ್ದು ನಿಂತು ಯಾಕೆ ಮೇಡಂ ಅಂದ್ಲು. ಬೆಲ್ ಹೊಡೀತು. ಕೂತ್ಕೋ, ನಾಳೆ ಹೇಳ್ತೀನಿ ಅಂದೆ."

"ನಾಳೆ ಹೇಳಿದ್ರಾ?"

"ಆ ನಾಳೆನೇ ಬರ್ಲಿಲ್ಲ. ಆ ಮಗು ಹೆಸರು ಕೂಡ ನೆನಪಿಲ್ಲ ನನಗೆ. ದಿನಾ ಹಾಜರೀಲಿ ಕೂಗ್ತಿದ್ದೆ, ನೋಡಿ." ಸ್ವಲ್ಪ ಹೊತ್ತು ಬೆರಳು ಉಜ್ಜಿಕೊಂಡರು. "ಈಗ ಎಲ್ಲರ ಕೈಲೂ ಮೊಬೈಲ್ ಇದೆ. ಎಲ್ಲೋ ಇರ್ತಾಳೆ. ಜನ ಸೇರಿದ್ರೆ ಅವಳೂ ಒಂದಿನ ಬರ್ಬಹುದು. ಅವತ್ತು ಇದನ್ನ ಹೇಳ್ಬೇಕು."

ಹೀಗೆ ಒಬ್ಬಳಿಗಾಗಿ ಊರನ್ನೆಲ್ಲ ಸೇರಿಸುವ ಕೆಲಸ ನಮ್ಮ ಗೋದಾಮಿನಲ್ಲಿ ಶುರುವಾಯಿತು. ವ್ಯಾಪಾರದಲ್ಲಿ ಇದು ತಲೆಕೆಳಗಾದ ಲೆಕ್ಕ. ಆದರೆ ಬಂಡವಾಳ ನನ್ನದಲ್ಲವಲ್ಲ.

ಆಕೆಯ ಯಜಮಾನರ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದವರು. ಮಾಲೀಕ ಭಾಷಣ ಮಾಡುತ್ತಿರುವಾಗಲೇ, ವೇಳೆಯಾಯಿತೆಂದು ಸೈರನ್ ಒತ್ತಿ ಅವನ ಬಾಯಿ ಮುಚ್ಚಿಸಿದವರು. ಹೆಂಡತಿಯ ಚಾನೆಲ್ಲಿಗೆ ಅವರು ತಾವಾಗಿಯೇ ಒಂದು ಹಿತ್ತಾಳೆಯ ಗಂಟೆ ಕೊಂಡು ತಂದರು. ನಲವತ್ತೈದು ನಿಮಿಷಕ್ಕೆ ಒಂದು ಪೀರಿಯಡ್. ಶುರುವಿಗೊಂದು ಗಂಟೆ, ಕೊನೆಗೊಂದು ಗಂಟೆ. ನಡುವೆ ಭೂಕಂಪವಾದರೂ ಅವರಿಗೆ ಸಂಬಂಧವಿಲ್ಲ.

"ಹತ್ತು ನಿಮಿಷ ಜಾಸ್ತಿ ಆದ್ರೆ ಏನಾಗತ್ತೆ ಯಜಮಾನ್ರೇ? ಇದೇನು ಶಾಲೆನಾ?" ಎಂದು ಒಮ್ಮೆ ಕೇಳಿದೆ.

"ನಿನ್ನ ಗಜದ ಕಡ್ಡೀನ ಒಂದು ಬೆರಳು ಉದ್ದ ಮಾಡಿದ್ರೆ ಏನಾಗತ್ತಪ್ಪಾ?"

"ನನಗೆ ನಷ್ಟ ಆಗತ್ತೆ."

"ಹಾಂ," ಎಂದು ಗಡಿಯಾರದ ಕಡೆ ತಿರುಗಿದರು.

ಮೊದಲ ವಾರಗಳು ಸೊಗಸಾಗಿ ಬರಿದಾಗಿದ್ದವು. ಆಕೆ ಅಂಶ, ಛೇದಗಳ ಮೇಲೆ ಚಿಕ್ಕ ಚಿಕ್ಕ ಪಾಠ ಮಾಡಿ ವಿಡಿಯೋ ಹಾಕುತ್ತಿದ್ದರು. ನೋಡುತ್ತಿದ್ದವರು ನಾನು ಮತ್ತು ನನ್ನ ಹೆಂಡತಿ. ಹೆಂಡತಿಯೂ ಬಟ್ಟೆ ಮಡಿಸುವಾಗ ಹಾಕಿಕೊಂಡು, ಮಡಿಸಿ ಮುಗಿದ ತಕ್ಷಣ ನಿಲ್ಲಿಸುತ್ತಿದ್ದಳು.

"ಖಾಲಿ ಕ್ಲಾಸಿಗೆ ಪಾಠ ಹೇಗ್ರೀ ಮಾಡೋದು?" ಎಂದು ಮೇಡಂ ಬೇಸರಪಟ್ಟರು. "ಹಲಗೆ ಮೇಲಿರೋ ಆ ದೊಡ್ಡ ಪಾಠ ಶುರು ಮಾಡೋಣ ಅಂದ್ರೆ, ಎದುರಿಗೆ ಯಾರಿದಾರೆ, ಯಾರಿಲ್ಲ ಅಂತಲೇ ಗೊತ್ತಾಗಲ್ಲ."

ಸಾಮಾನು ಖರ್ಚಾಗದಿದ್ದರೆ ಬಾಗಿಲಲ್ಲಿ ನಿಂತು ಕೂಗಬೇಕು ಎಂಬುದು ನಾನು ಕಂಡ ದಾರಿ. "ಲೈವ್ ಮಾಡಿ ಮೇಡಂ. ನೀವು ಮಾತಾಡ್ತಿರೋವಾಗ್ಲೇ ಜನ ಬರ್ತಾರೆ. ಯಾರು ಬಂದ್ರು ಅಂತ ಹೆಸರು ಪರದೆ ಮೇಲೆ ಕಾಣತ್ತೆ. ಅವರು ಬರೆದಿದ್ದೂ ಕಾಣತ್ತೆ."

"ಹೆಸರು ಕಾಣತ್ತಾ?" ಎಂದರು. ಆ ಕಣ್ಣಿನ ಹೊಳಪನ್ನು ನಾನು ಆಗಲೇ ಗಮನಿಸಬೇಕಿತ್ತು.

ಮರುದಿನ ಆಕೆ ಹಾಜರಿ ಪುಸ್ತಕ ಹಿಡಿದುಕೊಂಡು ಬಂದರು.

ಗಂಟೆ ಬಾರಿಸಿತು. ಪರದೆಯ ಮೇಲೆ ನಾಲ್ಕೈದು ಹೆಸರು ತೇಲಿದವು. ಈ ಲೋಕದಲ್ಲಿ ಯಾರೂ ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಓಡಾಡುವುದಿಲ್ಲ ಎಂದು ಆಕೆಗೆ ತಿಳಿದಿರಲಿಲ್ಲ. ಆದರೂ ಕನ್ನಡಕ ಸರಿಮಾಡಿಕೊಂಡು, ಮೂವತ್ತು ವರ್ಷ ಮಕ್ಕಳನ್ನು ಕೂಗಿದ ದನಿಯಲ್ಲೇ ಕೂಗಿದರು.

"ಒಂಟಿ ಸಿಂಹ."

ಪೆನ್ನು ಎತ್ತಿ ಹಿಡಿದು ಕಾದರು. ಆ ಕಡೆ ಯಾರೋ ಗಾಬರಿಯಾಗಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಒಂದು ಕೆಂಪು ಹೃದಯದ ಚಿತ್ರ ಬಂತು.

"ಹೃದಯ ಕಳಿಸಿದ್ರೆ ಹಾಜರಿ ಆಗಲ್ಲಪ್ಪ. ನೆಟ್ಟಗೆ ಹೇಳು."

"ಹಾಜರ್ ಮೇಡಂ," ಎಂದು ಒಂಟಿ ಸಿಂಹ ಬರೆಯಿತು.

"ಮುರಿದ ಕೊಳಲು... ಹಾಜರಾ? ಒಳ್ಳೇದು. ಪಕ್ಕದ್ಮನೆ ಪಾಪು... ಎಲ್ಲಿ? ಹಾಂ. ಸತ್ತವನ ಸೆಲ್ಫಿ... ಇದೇನೋ ಹೆಸರು, ಮನೇಲಿ ಬೈಯಲ್ವಾ ನಿಂಗೆ? ಸರಿ, ಹಾಜರ್."

ಅವತ್ತು ಪಾಠಕ್ಕೆ ಸಮಯ ಉಳಿದಿತ್ತು. ಆದರೆ ದೊಡ್ಡ ಪಾಠಕ್ಕೆ ಕೈಹಾಕದೆ, ಹುಡುಗಿ ಇನ್ನೂ ಬಂದಿರಲಿಕ್ಕಿಲ್ಲ ಎಂದು, ಮತ್ತೆ ಅಂಶ ಛೇದವನ್ನೇ ಹೇಳಿದರು. ಮರುದಿನ ಒಂಟಿ ಸಿಂಹ ಇನ್ನಷ್ಟು ಪ್ರಾಣಿಗಳನ್ನು ಕರೆತಂದಿತು. ಅದರ ಮರುದಿನ ಅವು ತಮ್ಮ ಬಂಧು ಬಳಗವನ್ನು ಕರೆತಂದವು. ಪಾಠಕ್ಕಾಗಿ ಅಲ್ಲ, ಹೆಸರು ಕೂಗಿಸಿಕೊಳ್ಳುವುದಕ್ಕೆ. ಮನೆಯಲ್ಲಿ "ಏಯ್", ಆಫೀಸಿನಲ್ಲಿ "ರೀ ನೀವೇ", ಬಸ್ಸಿನಲ್ಲಿ "ಮುಂದೆ ಹೋಗ್ರೀ" ಎಂದು ಕರೆಸಿಕೊಂಡವರು, ಒಬ್ಬರು ತಮ್ಮನ್ನು ನಿಧಾನವಾಗಿ ಕೂಗಿ, ಉತ್ತರಕ್ಕಾಗಿ ಪೆನ್ನು ಎತ್ತಿ ಕಾಯುತ್ತಾರೆ ಎಂದರೆ ಬಿಡುತ್ತಾರೆಯೇ? ನಾನೂ ದಿನಾ ಹೋಗಿ ಕೂರುತ್ತಿದ್ದೆ. ನನ್ನನ್ನು "ಸಾವ್ಕಾರ್" ಎಂದು ಕೂಗುತ್ತಿದ್ದರು. ಅದನ್ನು ಕೇಳಲು ನನಗೆ ಬೇಜಾರೇನೂ ಇರಲಿಲ್ಲ.

ಚಾನೆಲ್ ಬೆಳೆಯತೊಡಗಿತು. ಹಾಜರಿಯೂ ಬೆಳೆಯಿತು. ಮೊದಲು ಪಾಠದ ಕಾಲು ಭಾಗ ತಿಂದಿತು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಭಿನ್ನರಾಶಿಯ ಚಾನೆಲ್ಲಿಗೆ ಅದೊಂದು ತಕ್ಕ ಶಿಕ್ಷೆ. ಕೊನೆಗೆ, ಕಡೆಯ ಹೆಸರು ಬಾಯಿಂದ ಹೊರಡುವುದಕ್ಕೂ ಯಜಮಾನರ ಗಂಟೆ ಬಾರಿಸುವುದಕ್ಕೂ ಸರಿಹೋಗುತ್ತಿತ್ತು. ಹಲಗೆಯ ಮೇಲಿನ "ಏಕೆ?" ತಿಂಗಳುಗಟ್ಟಲೆ ಅಳಿಸದೆ ಹಾಗೇ ನಿಂತಿತು.

ವಿಡಿಯೋದ ಕೆಳಗೆ ಜನ ರಜೆಯ ಅರ್ಜಿ ಬರೆಯತೊಡಗಿದರು. ಬರೆದವರಲ್ಲಿ ಮೊಮ್ಮಕ್ಕಳಿದ್ದ ಅಜ್ಜಂದಿರೂ ಇದ್ದರು. "ನಾಳೆ ನನ್ನ ಮದುವೆ ಇರುವುದರಿಂದ ಒಂದು ದಿನದ ರಜೆ ನೀಡಬೇಕಾಗಿ ವಿನಂತಿ," ಎಂದು ಸತ್ತವನ ಸೆಲ್ಫಿ ಬರೆದಾಗ ಮೇಡಂ, "ಅರ್ಧ ದಿನ ಸಾಲಲ್ವಾ?" ಎಂದು ಕೇಳಿ, ಆಮೇಲೆ ಮಂಜೂರು ಮಾಡಿದರು. ಒಬ್ಬನ ಬದಲು ಇನ್ನೊಬ್ಬ ಹಾಜರಿ ಹಾಕುವುದೂ ಶುರುವಾಯಿತು. ಎರಡೂ ಹೆಸರಿನಿಂದ ಒಂದೇ ಕ್ಷಣಕ್ಕೆ, ನೀರು ಕುಡಿದು ಬರ್ತೀನಿ ಮೇಡಂ ಎಂದು ಬಂದಾಗ ಆಕೆ ಹಿಡಿದುಹಾಕಿದರು. ತಡವಾಗಿ ಬಂದವರಿಗೆ, "ಹೊರಗೆ ನಿಂತ್ಕೋ," ಎಂದರೆ, ಜನ ತಮ್ಮ ತಮ್ಮ ಮನೆಯ ಬಾಗಿಲ ಹೊರಗೆ ನಿಂತು ಫೋಟೋ ಕಳಿಸುತ್ತಿದ್ದರು.

ಒಂದು ದಿನ ಟೈ ಕಟ್ಟಿದ ಗೃಹಸ್ಥರೊಬ್ಬರು ಅಂಗಡಿಗೆ ಬಂದರು. ನಾನು ಬೆನ್ನು ನೋಡಿ, ಸ್ಪ್ರಿಂಗಿನ ಹಾಸಿಗೆ ಎಂದು ತೀರ್ಮಾನಿಸಿ ಎದ್ದೆ.

"ಹಾಸಿಗೆ ಬೇಡ. ಗೋದಾಮಿನ ಬಾಗಿಲು ಎಲ್ಲಿದೆ?" ಎಂದರು.

"ಯಾಕೆ ಸಾರ್?"

"ನಿನ್ನೆ ಕ್ಲಾಸಿಗೆ ಲೇಟ್ ಆಯ್ತು. ಹೊರಗೆ ನಿಂತ್ಕೋ ಅಂದ್ರು. ನಮ್ಮದು ಎಂಟನೇ ಮಹಡಿ, ಹೊರಗೆ ಅಂದ್ರೆ ಲಿಫ್ಟು. ಅಲ್ಲಿ ನಿಂತ್ರೆ ಅದು ನಿಂತಂಗಾಗಲ್ಲ. ಹಿಂದೆ ಹಾಸಿಗೆ ಮೇಲೆ ನಿಮ್ಮ ಅಂಗಡಿ ಚೀಟಿ ಕಾಣ್ತು, ಹುಡುಕ್ಕೊಂಡು ಬಂದೆ."

ಪೀರಿಯಡ್ ಪೂರ್ತಿ ಬಾಗಿಲ ಹೊರಗೆ ಕೈಕಟ್ಟಿ ನಿಂತರು. ನಡುವೆ ಒಂದು ದಿಂಬು ತೋರಿಸಲು ಹೋದೆ. "ಶಿಕ್ಷೆ ಮುಗೀಲಿ ಇರ್ರಿ," ಎಂದು ಗದರಿದರು. ಮುಗಿದ ಮೇಲೆ ಎರಡು ದಿಂಬು ಕೊಂಡು, ಹಗುರಾದವರಂತೆ ಹೋದರು.

ಮೇಡಂ ಮಾತ್ರ ಹಗುರಾಗಲಿಲ್ಲ. ಒಂದು ದಿನ ಗಂಟೆ ಬಾರಿಸಿದ ಮೇಲೂ ಹಲಗೆಯ ಎದುರು ನಿಂತೇ ಇದ್ದರು. ಹೆಸರು ಕೂಗಿ ಕೂಗಿ ದನಿ ಸೋತಿತ್ತು.

"ಇವತ್ತೂ ಆಗ್ಲಿಲ್ಲ."

"ಹಾಜರಿ ಬಿಟ್ಬಿಡಿ ಮೇಡಂ. ನೇರವಾಗಿ ಪಾಠಕ್ಕೆ ಬನ್ನಿ."

"ಹೇಗ್ರೀ ಬಿಡೋದು? ಈ ಹೆಸರುಗಳನ್ನ ನೋಡಿದೀರಲ್ಲ. ಒಂದಾದ್ರೂ ಮನುಷ್ಯರ ಹೆಸರಿನ ಥರ ಇದೆಯಾ? ಇದರಲ್ಲಿ ಯಾವುದು ಆ ಹುಡುಗಿನೋ ಯಾರಿಗೆ ಗೊತ್ತು? ಒಂದು ಹೆಸರು ಬಿಟ್ಟೆ ಅಂದ್ಕೊಳ್ಳಿ, ಅದೇ ಅವಳಾಗಿದ್ರೆ? ಎರಡನೇ ಸಲ ಕೂತ್ಕೋ ಅಂದ ಹಾಗಾಗತ್ತೆ."

ಆದರೂ ನನ್ನ ಮಾತಿಗೆ ಒಂದು ದಿನ ಪ್ರಯತ್ನಪಟ್ಟರು. ಗಂಟೆ ಬಾರಿಸಿತು. ಆಕೆ ಹಾಜರಿ ಪುಸ್ತಕ ಮುಚ್ಚಿ, ಸೀಮೆಸುಣ್ಣ ಕೈಗೆತ್ತಿಕೊಂಡು, "ಮಕ್ಕಳೇ, ಅರ್ಧ ಅಂದ್ರೇನು?" ಎಂದರು. ಪರದೆ ಉಕ್ಕಿ ಹರಿಯಿತು. ಮೇಡಂ ನನ್ನ ಹೆಸರು. ಮೇಡಂ ನಾನು ರಜೆ ಹಾಕಿ ಬಂದಿದೀನಿ. ಮೇಡಂ ನಮ್ಮಮ್ಮನಿಗೆ ತೋರಿಸ್ಬೇಕು, ಒಂದ್ಸಲ ಕೂಗಿ. ಮೇಡಂ ಹಾಜರಿ ಕಡಿಮೆ ಆದ್ರೆ ಪರೀಕ್ಷೆಗೆ ಕೂರಿಸ್ತೀರಾ? ಯಾವ ಪರೀಕ್ಷೆ ಎಂದು ಬರೆದವನಿಗೂ ತಿಳಿದಿರಲಿಲ್ಲ. ಆಕೆ ಸೀಮೆಸುಣ್ಣ ಕೆಳಗಿಟ್ಟು, ಪುಸ್ತಕ ತೆರೆದು, "ಒಂಟಿ ಸಿಂಹ," ಎಂದು ಕೂಗಿದರು.

ಇಲ್ಲಿ ನನ್ನ ವ್ಯಾಪಾರದ ಬುದ್ಧಿ ಮತ್ತೆ ಕೆಲಸ ಮಾಡಿತು. ಒಂದೇ ಅಂಗಡಿಯಲ್ಲಿ ಗಿರಾಕಿಗಳೆಲ್ಲ ಹಿಡಿಯದಿದ್ದರೆ ಏನು ಮಾಡುತ್ತೇವೆ? ಬ್ರಾಂಚು ತೆಗೆಯುತ್ತೇವೆ.

"ಸೆಕ್ಷನ್ ಮಾಡಿ ಮೇಡಂ. ಎ, ಬಿ, ಸಿ. ಒಂದೊಂದಕ್ಕೂ ಒಬ್ಬ ಮಾನಿಟರ್. ಅವರವರು ಅವರವರ ಚಾನೆಲ್ಲಲ್ಲಿ ಹಾಜರಿ ತಗೊಂಡು ನಿಮಗೆ ಕಳಿಸ್ಲಿ. ಯಾರೂ ತಪ್ಪಿಹೋಗಲ್ಲ. ನೀವು ನೆಮ್ಮದಿಯಾಗಿ ಪಾಠ ಮಾಡಿ."

ಯಜಮಾನರು ಗಂಟೆ ಒರೆಸುತ್ತ, "ಶಿಫ್ಟು ಮಾಡಿದ ಹಾಗೆ. ಸರಿಯಾಗಿದೆ," ಎಂದರು. ಅವರು ಒಪ್ಪಿದ ಮೇಲೆ ಮೇಡಂ ಕೂಡ ಒಪ್ಪಿದರು.

ಎ ಸೆಕ್ಷನ್ನಿಗೆ ಒಂಟಿ ಸಿಂಹ ಮಾನಿಟರ್ ಆಯಿತು. ಬಿ ಸೆಕ್ಷನ್ ಮುರಿದ ಕೊಳಲಿಗೆ ಹೋಯಿತು. ಮಾನಿಟರುಗಳು ಶ್ರದ್ಧೆಯಿಂದ ಹಾಜರಿ ತೆಗೆದುಕೊಂಡರು. ಎಷ್ಟು ಶ್ರದ್ಧೆಯೆಂದರೆ, ಬೆಳಿಗ್ಗೆ ಒಂದು ಹಾಜರಿ, ಸಂಜೆ ಒಂದು ಹಾಜರಿ. ಸಿಂಹ ತೆಗೆದುಕೊಂಡ ಹಾಜರಿಗೆ ಯಾರು ಯಾರು ಹಾಜರಿದ್ದರು ಎಂದು ಕೊಳಲು ಇನ್ನೊಂದು ಹಾಜರಿ ತೆಗೆದುಕೊಂಡಿತು. ಮುರಿದ ಕೊಳಲಿನ ದನಿ ಮಾತ್ರ ಬಹಳ ಇಂಪಾಗಿದೆ ಎಂದು ನನ್ನ ಹೆಂಡತಿಯೇ ಆ ಕಡೆ ಹೋದಳು.

"ನೀನೂನಾ?" ಎಂದೆ.

"ಮೇಡಂ ನನ್ನನ್ನ ಸಾವ್ಕಾರ್ ಹೆಂಡ್ತಿ ಅಂತ ಕೂಗ್ತಿದ್ರು ರೀ. ಅವನು ನನ್ನ ಹೆಸರು ಹಿಡ್ದು ಕೂಗ್ತಾನೆ," ಎಂದಳು.

ಬ್ರಾಂಚುಗಳು ಕೊಬ್ಬಿದವು, ಅಸಲು ಅಂಗಡಿ ಸೊರಗಿತು. ಮಾನಿಟರುಗಳು ಪಾಠದ ಹೊತ್ತಿಗೇ ಹಾಜರಿ ಇಟ್ಟುಕೊಳ್ಳತೊಡಗಿದರು, ಜನಕ್ಕೆ ಅದೇ ಅನುಕೂಲ ಎಂದು. ಮೇಡಂಗೆ ಪಟ್ಟಿ ಕಳಿಸುವುದನ್ನೂ ಮರೆತರು. ಸಾವಿರಾರು ಜನ ದಿನವೂ ಶಾಲೆಗೆ ಹಾಜರಾಗಿ, ಶಾಲೆ ಎಲ್ಲಿದೆ ಎಂದು ಕೇಳದೆ ಮನೆಗೆ ಹೋಗುತ್ತಿದ್ದರು. ಯಾರ ಗೊಡವೆಯೂ ಇಲ್ಲದ ಒಂದು ದಿನ ಮೇಡಂ ಗೋದಾಮಿಗೆ ಬಂದು ಕ್ಯಾಮೆರಾ ಎದುರು ನಿಂತರು. ಯಜಮಾನರು ಗಂಟೆ ಬಾರಿಸಿದರು. ನೋಡುತ್ತಿರುವವರು ಒಬ್ಬರು ಎಂದು ಪರದೆ ತೋರಿಸಿತು. ಆ ಒಬ್ಬರು ನನ್ನ ಕೈಯಲ್ಲಿದ್ದ ಮೊಬೈಲು.

ಅಪರಾಧಿಯಂತೆ ಹಾಸಿಗೆಯ ಮೇಲೆ ಕೂತಿದ್ದೆ. ಸಲಹೆ ನನ್ನದೇ ತಾನೇ. ನಿಲ್ಲಿಸಿಬಿಡುತ್ತಾರೆ ಅಂದುಕೊಂಡೆ.

ಆಕೆ ಪುಸ್ತಕ ತೆರೆದರು. "ಸಾವ್ಕಾರ್."

"ಹಾಜರ್ ಮೇಡಂ."

ಗುರುತು ಹಾಕಿದರು. ಪೆನ್ನನ್ನು ಎತ್ತಿ ಹಿಡಿದೇ ಇದ್ದರು, ಇನ್ನೊಂದು ಹೆಸರು ಕೂಗಿ ಉತ್ತರಕ್ಕೆ ಕಾಯುತ್ತಿರುವವರಂತೆ. ಕಿಟಕಿಯ ಆಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆಮೇಲೆ ಪುಸ್ತಕ ಮುಚ್ಚಿದರು. ಗೋಡೆಯ ಗಡಿಯಾರ ನೋಡಿದರು. ಇಡೀ ಪೀರಿಯಡ್ ಉಳಿದಿತ್ತು.

"ಒಂದು ಹಾಸಿಗೆ ಕೊಡಿ," ಎಂದರು. "ಚಾಕೂನೂ."

ಕೊಟ್ಟೆ. ಇರುವುದರಲ್ಲೆಲ್ಲ ದುಬಾರಿಯಾದ ಫೋಮಿನ ಹಾಸಿಗೆಯನ್ನೇ ಆಕೆ ಆರಿಸಿದರು. ಅಂಚು ನೇರವಾಗಿದೆ ಎಂಬುದು ಕಾರಣ. ನನ್ನ ಕಣ್ಣೆದುರೇ ಅದು ನಾಲ್ಕು ತುಂಡಾಯಿತು. ನಾಲ್ಕನ್ನೂ ಸೇರಿಸಿ ಇಟ್ಟು ಕೇಳಿದರು:

"ಒಂದು ಹಾಸಿಗೇಲಿ ಕಾಲು ಹಾಸಿಗೆ ಎಷ್ಟು ಸಲ ಕೂರತ್ತೆ?"

"ನಾಲ್ಕು ಸಲ," ಎಂದೆ, ನೋವಿನಿಂದ.

"ತಿರುಗಿಸೋದು ಅಂದ್ರೆ ಇಷ್ಟೇ ಕಣ್ರೀ. ನಾಲ್ಕನೇ ಒಂದನ್ನ ತಿರುಗಿಸಿದ್ರೆ ನಾಲ್ಕು. ಒಂದು ಪೂರ್ತೀಲಿ ಅದು ಎಷ್ಟು ಸಲ ಹಿಡಿಯತ್ತೆ ಅಂತ ಮೊದಲು ಕೇಳಿದ್ವಿ. ಈಗ ನಮ್ಮತ್ರ ಇರೋದು ಅರ್ಧ ಹಾಸಿಗೆ." ಎರಡು ತುಂಡು ಪಕ್ಕಕ್ಕೆ ಸರಿಸಿದರು. "ಪೂರ್ತೀಲಿ ನಾಲ್ಕು ಸಲ ಆದ್ರೆ, ಅರ್ಧದಲ್ಲಿ?"

"ನಾಲ್ಕರ ಅರ್ಧ. ಎರಡು."

"ನಾಲ್ಕರ ಅರ್ಧ. ಅಂದ್ರೆ ಅರ್ಧವನ್ನ ನಾಲ್ಕರಿಂದ ಗುಣಿಸಿದ್ರಿ. ಅದಕ್ಕೇ ಗುಣಿಸೋದು."

ನಾನು ಹಾಸಿಗೆಯ ತುಂಡುಗಳನ್ನೇ ನೋಡುತ್ತ ಕೂತೆ. ಇಷ್ಟು ವರ್ಷ ತಿರುಗಿಸಿದ್ದೇ ತಿರುಗಿಸಿದ್ದು. ಒಳಗೆ ಇರುವುದು ಇಷ್ಟು ಸರಳ ಎಂದು ಯಾರೂ ಹೊಲಿಗೆ ಬಿಚ್ಚಿ ತೋರಿಸಿರಲಿಲ್ಲ. ಆಕೆ ಹಲಗೆಯ ಬಳಿ ಹೋಗಿ "ಏಕೆ?" ಎಂಬುದನ್ನು ಅಳಿಸಿದರು. ತಿಂಗಳುಗಟ್ಟಲೆ ಕೂತ ಅಕ್ಷರ ಒರೆಸಿದರೂ ಮಸುಕಾಗಿ ಉಳಿಯಿತು.

ಅಷ್ಟರಲ್ಲಿ ಮೂಲೆಯಿಂದ ದನಿ ಬಂತು.

"ಇರು. ಕಾಲು ಆಯ್ತು. ಮುಕ್ಕಾಲು ಆದ್ರೆ? ಒಂದರಲ್ಲಿ ಮುಕ್ಕಾಲು ಎಷ್ಟು ಸಲ ಕೂರತ್ತೆ?" ಯಜಮಾನರು ಗಂಟೆ ಮಡಿಲಲ್ಲಿಟ್ಟುಕೊಂಡು ಮುಂದಕ್ಕೆ ಬಾಗಿದ್ದರು.

"ಒಂದು ಸಲ ಪೂರ್ತಿ. ಮಿಕ್ಕಿದ್ದು ಕಾಲು."

"ಆ ಕಾಲನ್ನ ಏನ್ಮಾಡ್ತೀಯ?"

"ಆ ಕಾಲು, ಮುಕ್ಕಾಲಿನ ಮೂರನೇ ಒಂದು. ಒಂದೂ ಮೂರನೇ ಒಂದು ಸಲ. ಅಂದ್ರೆ ಮೂರನೇ ನಾಲ್ಕು, ಮುಕ್ಕಾಲನ್ನ ತಿರುಗಿಸಿದ್ದು." ಆಕೆ ಗಡಿಯಾರ ನೋಡಿದರು. "ರೀ, ಟೈಮ್ ಆಯ್ತು. ಬೆಲ್ ಹೊಡೀರಿ."

"ಹೊಡೀತೀನಿ ಇರು. ಕಾಲು ಅಂತೀಯ, ಆಮೇಲೆ ಮೂರನೇ ಒಂದು ಅಂತೀಯ. ಅದು ಹೇಗೆ ಎರಡೂ ಆಗತ್ತೆ? ತುಂಡು ಇಟ್ಟು ತೋರಿಸು."

"ನಾಳೆ ತೋರಿಸ್ತೀನಿ."

"ನಾಳೆ ಆಗಲ್ಲ. ಈಗ ತೋರಿಸು."

ಮೇಡಂ ಗಂಡನ ಮುಖವನ್ನೇ ನೋಡಿದರು. ಆಮೇಲೆ ಚಾಕು ಎತ್ತಿಕೊಂಡು ಇನ್ನೊಂದು ಹಾಸಿಗೆ ಕೇಳಿದರು. ಮಾಲೀಕನ ಭಾಷಣವನ್ನು ನಿಲ್ಲಿಸಿದ ಮನುಷ್ಯ ಅವತ್ತು ಗಂಟೆ ಬಾರಿಸಲೇ ಇಲ್ಲ. ನಾವು ಎದ್ದಾಗ ಅಂಗಡಿ ಮುಚ್ಚುವ ಹೊತ್ತಾಗಿತ್ತು.

ಆ ಹುಡುಗಿ ಬಂದಳೋ ಇಲ್ಲವೋ ಗೊತ್ತಿಲ್ಲ. ಪಾಠ ಮಾತ್ರ ಚಾನೆಲ್ಲಿನಲ್ಲಿ ಹಾಗೇ ಇದೆ, ಹಿಂದೆ ನನ್ನ ಹಾಸಿಗೆಗಳ ಸಮೇತ. ಆಗೀಗ ಯಾರೋ ಒಬ್ಬಿಬ್ಬರು ನೋಡಿದ ಗುರುತು ಬೀಳುತ್ತದೆ. ಮೇಡಂ ಈಗ ದಶಮಾಂಶಕ್ಕೆ ಬಂದಿದ್ದಾರೆ. ಗಂಟೆ ಯಜಮಾನರ ಮನೆಯಲ್ಲಿ ಕಾಗದಗಳ ಮೇಲೆ ಭಾರಕ್ಕೆ ಕೂತಿದೆ. ಕತ್ತರಿಸಿದ ತುಂಡುಗಳನ್ನು ನಾನು ಕೂರುವ ಮೆತ್ತೆಗಳಾಗಿ ಹೊಲಿಸಿ ಮಾರಿದ್ದೇನೆ, ಅದರಲ್ಲಿ ನನಗೆ ನಷ್ಟವಾಗಲಿಲ್ಲ.

ಆ ದಿನದ ಪಾಠಕ್ಕೆ ಆಕೆ ಹತ್ತು ಲೆಕ್ಕ ಮನೆಗೆಲಸ ಕೊಟ್ಟಿದ್ದರು. ಏಳನ್ನು ಮಾಡಿ ತೋರಿಸಿದ್ದೇನೆ. ಮೂರು ನಾನು ಅವರಿಗೆ ಬಾಕಿ.